ಭಾನುವಾರದ ಕನ್ನಡ ತರಗತಿಗೂ ಬೇಕು ಒಂದು ಕಿರ್ದಿ ಪುಸ್ತಕ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ವರದಿಗಳನ್ನು ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವ ಚಿತ್ರ ಒಂದೇ. ರಾಜ್ಯೋತ್ಸವಕ್ಕೆ ಒಂದೂವರೆ ಪುಟ, ನಾಟಕ-ಯಕ್ಷಗಾನಕ್ಕೆ ಒಂದು ಪುಟ, ಸನ್ಮಾನಿತರ ಹೆಸರುಗಳಿಗೆ ಅರ್ಧ ಪುಟ, ಮಹಿಳಾ ವಿಭಾಗದ ಅರಸಿನ ಕುಂಕುಮಕ್ಕೆ ಒಂದು ಪ್ಯಾರಾ. ಕಟ್ಟಕಡೆಗೆ, ದಾನಿಗಳಿಗೆ ಕೃತಜ್ಞತೆ ಹೇಳುವ ಮೊದಲು ಒಂದೇ ಒಂದು ಸಾಲು: "ಮಕ್ಕಳ ಕನ್ನಡ ತರಗತಿಯು ಎಂದಿನಂತೆ ಯಶಸ್ವಿಯಾಗಿ ನಡೆಯಿತು."

ಅದೇ ವರದಿಯ ಹಿಂಬದಿಯಲ್ಲಿ ಲೆಕ್ಕಪತ್ರವಿರುತ್ತದೆ. ಪೆಂಡಾಲಿನವನಿಗೆ ಎಷ್ಟು, ಹೂವಿಗೆ ಎಷ್ಟು, ಉಪಾಹಾರಕ್ಕೆ ಎಷ್ಟು ಎಂದು ರೂಪಾಯಿ ಪೈಸೆಗಳಲ್ಲಿ ಬರೆದಿರುತ್ತಾರೆ. ಲೆಕ್ಕ ಪರಿಶೋಧಕರ ಸಹಿಯೂ ಇರುತ್ತದೆ. ತಪ್ಪೇನಿಲ್ಲ, ಸಾರ್ವಜನಿಕರ ಹಣಕ್ಕೆ ಲೆಕ್ಕ ಇರಲೇಬೇಕು. ಆದರೆ ವರ್ಷವಿಡೀ ಭಾನುವಾರದ ನಿದ್ದೆ ಬಿಟ್ಟು ಬಂದ ಮಕ್ಕಳು ಏನು ಕಲಿತರು, ಎಲ್ಲಿ ಎಡವಿದರು, ಯಾರು ಬರುವುದನ್ನು ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂಬುದಕ್ಕೆ ಎಲ್ಲಿಯೂ ದಾಖಲೆ ಇಲ್ಲ. ಇದ್ದರೆ ಅದು ಪಾಠ ಮಾಡಿದವರ ತಲೆಯಲ್ಲಿ ಮಾತ್ರ.

ಆ ತಲೆಯಾದರೂ ಸಂಘದಲ್ಲೇ ಉಳಿಯುತ್ತದೆಯೇ ಎಂದರೆ ಅದಕ್ಕೂ ಖಾತ್ರಿ ಇಲ್ಲ. ಇಂತಹ ತರಗತಿಗಳನ್ನು ನಡೆಸುವವರು ಬಹುಪಾಲು ಸ್ವಯಂಸೇವಕರು. ಗೃಹಿಣಿಯರು, ನಿವೃತ್ತರು, ಶನಿವಾರ ರಜೆಯಿರುವ ಕಚೇರಿಯ ನೌಕರರು. ಯಜಮಾನರಿಗೆ ವರ್ಗವಾದರೆ, ಮಗಳ ಬಾಣಂತನಕ್ಕೆ ಊರಿಗೆ ಹೋಗಬೇಕಾದರೆ, ಮೊಣಕಾಲು ನೋವು ಬಂದು ಸಂಘದ ಮೆಟ್ಟಿಲು ಹತ್ತಲಾಗದಿದ್ದರೆ, ಮೂರು ನಾಲ್ಕು ವರ್ಷ ಕಲಿಸಿ ಗಳಿಸಿದ ತಿಳಿವಳಿಕೆಯೂ ಅವರೊಂದಿಗೇ ಹೊರಟುಹೋಗುತ್ತದೆ. ಮುಂದಿನ ಜೂನ್‌ನಲ್ಲಿ ಬರುವ ಹೊಸಬರು ಮತ್ತೆ 'ಅ ಅರಸ, ಆ ಆನೆ'ಯಿಂದ ಆರಂಭಿಸುತ್ತಾರೆ. ಹಿಂದಿನವರು ಎಡವಿದ ಕಲ್ಲಿಗೇ ಎಡವುತ್ತಾರೆ. ಗಣೇಶ ಚತುರ್ಥಿಯವರೆಗೆ ತುಂಬಿದ್ದ ಕೋಣೆ ದೀಪಾವಳಿ ರಜೆಯ ನಂತರ ಅರ್ಧ ಖಾಲಿಯಾಗುತ್ತದೆ. "ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ" ಎಂಬ ಮಾತಿನೊಂದಿಗೆ ವಿಷಯ ಮುಗಿಯುತ್ತದೆ.

ಆಸಕ್ತಿ ಇಲ್ಲದಿರುವುದು ನಿಜವೇ, ಅಥವಾ ಕಾರಣ ಬೇರೆ ಇದೆಯೇ? ಇದನ್ನು ಕಂಡುಕೊಳ್ಳಲು ದೊಡ್ಡ ಸಮೀಕ್ಷೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ತರಗತಿ ಮುಗಿದ ಮೇಲೆ ಹತ್ತು ನಿಮಿಷ ಸಾಕು. ಶಿಕ್ಷಣ ಕಾಲೇಜುಗಳ ಭಾಷೆಯಲ್ಲಿ ಇದಕ್ಕೆ 'ರಿಫ್ಲೆಕ್ಟಿವ್ ಜರ್ನಲ್' ಎಂದು ಹೆಸರು. ಕನ್ನಡದಲ್ಲಿ ಶಿಕ್ಷಕರ ಅವಲೋಕನ ದಿನಚರಿ ಎನ್ನಬಹುದು.

ಹೊಸದೇನಲ್ಲ

ಪಾಠ ಮಾಡಿದ್ದನ್ನು ಹಿಂದಿರುಗಿ ನೋಡಬೇಕು ಎಂಬ ಮಾತು ಅಮೆರಿಕದ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ 'ಹೌ ವಿ ಥಿಂಕ್' ಎಂಬ ಪುಸ್ತಕದಷ್ಟು ಹಳೆಯದು. 1983ರಲ್ಲಿ ಡೊನಾಲ್ಡ್ ಶೋನ್ ಎಂಬ ವಿದ್ವಾಂಸರು ವೃತ್ತಿಪರರು ಕೆಲಸ ಮಾಡುತ್ತಲೇ ಹೇಗೆ ಯೋಚಿಸುತ್ತಾರೆ ಎಂಬುದರ ಬಗ್ಗೆ ಬರೆದ ಪುಸ್ತಕದ ನಂತರ ಅದು ಶಿಕ್ಷಕರ ತರಬೇತಿಗೂ ಬಂತು. ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಿ.ಎಡ್. ಕೋರ್ಸನ್ನು ಎರಡು ವರ್ಷಗಳಿಗೆ ಏರಿಸಿದಾಗ ಶಾಲಾ ಇಂಟರ್ನ್‌ಶಿಪ್ ದೀರ್ಘವಾಯಿತು, ದಿನಚರಿ ಬರೆಯುವ ಪಾಠವೂ ಹೆಚ್ಚಿತು. ಅಂಕಗಳಿಗಾಗಿ ಬರೆದ ದಿನಚರಿ ಎಷ್ಟು ಪ್ರಾಮಾಣಿಕವಾಗಿರುತ್ತದೆ ಎಂಬುದು ಬೇರೆ ಪ್ರಶ್ನೆ.

ಇದಕ್ಕಿಂತ ಹತ್ತಿರದ ಉದಾಹರಣೆ ಗುಜರಾತಿನದು. 1885ರಲ್ಲಿ ಹುಟ್ಟಿದ ಗಿಜುಭಾಯಿ ಬಧೇಕಾ ವೃತ್ತಿಯಿಂದ ವಕೀಲರು. ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಗೆ ಸೇರಿ 1920ರಲ್ಲಿ ಬಾಲಮಂದಿರ ಆರಂಭಿಸಿದವರು. ಅವರ 'ದಿವಾಸ್ವಪ್ನ' ಎಂಬ ಪುಟ್ಟ ಪುಸ್ತಕ ನಾಲ್ಕನೇ ತರಗತಿಯನ್ನು ಒಂದು ವರ್ಷಕ್ಕೆ ಪ್ರಯೋಗಕ್ಕೆಂದು ಪಡೆದ ಶಿಕ್ಷಕನೊಬ್ಬನ ಅನುಭವ ಕಥನ. ಪಾತ್ರ ಕಲ್ಪಿತವಾದರೂ ಹಿಂದಿನ ಅನುಭವ ಕಲ್ಪಿತವಲ್ಲ.

ಆ ಪುಸ್ತಕದ ಸೊಗಸು ಇರುವುದು ಆರಂಭದಲ್ಲಿಯೇ. ಮೊದಲ ದಿನ ಶಿಕ್ಷಕ ಬಹಳ ತಯಾರಿ ಮಾಡಿಕೊಂಡು ಹೋಗುತ್ತಾನೆ. ಮಕ್ಕಳಿಗೆ ಮೌನದ ಆಟ ಆಡಿಸಬೇಕು ಎಂದು ಅವನ ಯೋಜನೆ. ಮಕ್ಕಳು ಗದ್ದಲವೆಬ್ಬಿಸುತ್ತಾರೆ. ಯೋಜನೆ ನೆಲ ಕಚ್ಚುತ್ತದೆ. ಅವನು ಅದನ್ನು ಮುಚ್ಚಿಡುವುದಿಲ್ಲ, ಮಕ್ಕಳನ್ನು ದೂರುವುದೂ ಇಲ್ಲ. ತನ್ನ ಲೆಕ್ಕಾಚಾರ ಎಲ್ಲಿ ತಪ್ಪಿತು ಎಂದು ಯೋಚಿಸಿ ಮರುದಿನ ಕಥೆ ಹೇಳಲು ಆರಂಭಿಸುತ್ತಾನೆ. ಕಥೆಗಾಗಿ ಮಕ್ಕಳು ಹಾಜರಿಯನ್ನೂ ಶಾಂತವಾಗಿ ಕೊಡುತ್ತಾರೆ. ವೈಫಲ್ಯವನ್ನು ಮೊದಲ ಪುಟದಲ್ಲೇ ಬರೆದ ಕಾರಣಕ್ಕೆ ಆ ಪುಸ್ತಕವನ್ನು ಇಂದಿಗೂ ಶಿಕ್ಷಕರು ಓದುತ್ತಾರೆ. "ಎಂದಿನಂತೆ ಯಶಸ್ವಿಯಾಗಿ ನಡೆಯಿತು" ಎಂದು ಬರೆದಿದ್ದರೆ ಯಾರು ಓದುತ್ತಿದ್ದರು?

ಮತ್ತೊಂದು ಉದಾಹರಣೆ ದೂರದ ನ್ಯೂಜಿಲೆಂಡಿನದು. ಆದರೆ ಅದು ಹೊರನಾಡ ಕನ್ನಡಿಗರ ಸಮಸ್ಯೆಗೆ ಇನ್ನೂ ಹತ್ತಿರ. ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಶಿಕ್ಷಕಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತಿದ್ದರು. ಶಾಲೆಗೆ ಬರುತ್ತಿದ್ದ ಪಾಠಪುಸ್ತಕಗಳಲ್ಲಿ ಇದ್ದದ್ದು ಅಚ್ಚುಕಟ್ಟಾದ ಬಿಳಿಯರ ಮನೆಯ ಮಕ್ಕಳು. ಮಾವೊರಿ ಮಕ್ಕಳಿಗೆ ಅದು ತಮ್ಮ ಮನೆ ಎನಿಸಲಿಲ್ಲ. ತರಗತಿಯಲ್ಲಿ ನಡೆದುದನ್ನು ಗಮನಿಸಿ ಬರೆದಿಡುತ್ತಾ ಹೋದ ಆಕೆಗೆ ಒಂದು ಸಂಗತಿ ಹೊಳೆಯಿತು. ಪುಸ್ತಕದ ಪದ ಮರೆಯುವ ಮಗು ತನಗೆ ಬೇಕಾದ ಪದವನ್ನು, ಅಂದರೆ ತನ್ನ ಪ್ರೀತಿಗೋ ಭಯಕ್ಕೋ ಸೇರಿದ ಪದವನ್ನು, ಒಮ್ಮೆ ನೋಡಿದರೆ ಸಾಕು ಮರೆಯುವುದಿಲ್ಲ. ಅಮ್ಮ, ಅಪ್ಪ, ಮುತ್ತು, ಭೂತ ಇಂತಹ ಪದಗಳು. ಆಕೆ ಪ್ರತಿ ಮಗುವಿನಿಂದ ಪದ ಕೇಳಿ ಗಟ್ಟಿ ಕಾಗದದ ಮೇಲೆ ಬರೆದು ಕೊಡುತ್ತಿದ್ದರು. ಮರುದಿನ ಮಗು ಅದನ್ನು ಗುರುತಿಸದಿದ್ದರೆ ಆ ಚೀಟಿಯನ್ನು ತೆಗೆದುಹಾಕುತ್ತಿದ್ದರು, ಅದು ಮಗುವಿನ ಪದವಲ್ಲ ಎಂದು. ಅವರ 'ಟೀಚರ್' ಎಂಬ ಪುಸ್ತಕ 1963ರಲ್ಲಿ ಪ್ರಕಟವಾಯಿತು.

ಮುಂಬಯಿಯ ಚಾಳ್‌ನಲ್ಲೋ ಕಾಂದಿವಲಿಯ ಫ್ಲ್ಯಾಟ್‌ನಲ್ಲೋ ಬೆಳೆಯುವ ಮಗುವಿನ ಕೈಗೆ ಕೊಡುವ ಕನ್ನಡ ಪುಸ್ತಕದಲ್ಲಿ ಗದ್ದೆ, ಗಾಣ, ಎತ್ತಿನ ಗಾಡಿ ಇರುತ್ತವೆ. ಆ ಮಗುವಿನ ಪದಗಳು ಯಾವುವು? ಲಿಫ್ಟು, ಲೋಕಲು, ಅಜ್ಜಿಯ ಫೋನು, ಮೇ ತಿಂಗಳ ರಜೆಯ ಊರು, ನಾಗರಪಂಚಮಿಯ ಪತ್ರೊಡೆ? ಇರಬಹುದು, ಇರದೆಯೂ ಇರಬಹುದು. ಕೇಳಿ ಬರೆದುಕೊಂಡವರಿಗಷ್ಟೇ ಗೊತ್ತಾಗುತ್ತದೆ.

ಒಂದೊಂದು ನಗರಕ್ಕೆ ಒಂದೊಂದು ತಪ್ಪು

ಹೊರನಾಡಿನ ಕನ್ನಡ ಶಿಕ್ಷಕರಿಗೆ ದಿನಚರಿ ಏಕೆ ಅಗತ್ಯ ಎಂಬುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಕರ್ನಾಟಕದ ಪಾಠಪುಸ್ತಕ ತಯಾರಾಗುವುದು ಕರ್ನಾಟಕದ ಮಗುವಿಗಾಗಿ. ಹೊರನಾಡಿನ ಮಗು ಕನ್ನಡಕ್ಕೆ ಬರುವಾಗ ಇನ್ನೊಂದು ಭಾಷೆಯ, ಇನ್ನೊಂದು ಲಿಪಿಯ ದಾರಿಯಿಂದ ಬರುತ್ತದೆ. ಆ ದಾರಿ ನಗರದಿಂದ ನಗರಕ್ಕೆ ಬೇರೆ. ಹಾಗಾಗಿ ತಪ್ಪುಗಳೂ ಬೇರೆ.

ಮುಂಬಯಿ, ಪುಣೆ, ದಿಲ್ಲಿಯ ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವ ಭಾರತೀಯ ಲಿಪಿ ದೇವನಾಗರಿ. ಹಿಂದಿ, ಮರಾಠಿ ಬರೆಯುವ ಆ ಲಿಪಿಯಲ್ಲಿ ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವ ದೀರ್ಘದ ಬೇರೆ ಬೇರೆ ಅಕ್ಷರಗಳಿಲ್ಲ. ಅಲ್ಲಿಂದ ಬಂದ ಮಗು 'ನೀರು ಕೊಡು' ಎನ್ನುವಲ್ಲಿ 'ನೀರು ಕೋಡು' ಎಂದು ಬರೆದರೆ ಅದು ಅಜಾಗರೂಕತೆಯಲ್ಲ. ಅದರ ಕಣ್ಣಿಗೆ ಆ ವ್ಯತ್ಯಾಸ ಇನ್ನೂ ಕಾಣಿಸಿಯೇ ಇಲ್ಲ. ಹತ್ತು ಸಲ ಬರೆಯಿಸಿದರೂ ಕೈ ನೋಯುತ್ತದೆ ಅಷ್ಟೆ. ಮೊದಲು ಕಿವಿಗೆ ಕೇಳಿಸಬೇಕು. ಬೆಲೆಯೂ ಬೇಲಿಯೂ, ಕೊಡುವುದೂ ಕೋಡೂ ಬೇರೆ ಬೇರೆ ಎಂದು ಆಟವಾಡಿಸಬೇಕು.

ಒತ್ತಕ್ಷರದಲ್ಲಿ ಇನ್ನೂ ಸ್ವಾರಸ್ಯವಿದೆ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ, ಎರಡನೆಯದು ಪೂರ್ತಿಯಾಗಿ ಬರುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಅದರ ಕೆಳಗೆ ಒತ್ತು. ಅಷ್ಟೇ ಅಲ್ಲ, ಸ್ವರದ ಗುಣಿತವೂ ಮೇಲಿನ ಅಕ್ಷರಕ್ಕೇ ಹತ್ತುತ್ತದೆ. 'ಭಕ್ತಿ' ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು 'ಕಿ', ಅದರ ಕೆಳಗೆ ತಕಾರದ ಒತ್ತು. ಕಂಡದ್ದನ್ನು ಕಂಡ ಹಾಗೆಯೇ ಓದುವ ಮಗು 'ಭಕಿತ' ಎನ್ನುತ್ತದೆ. ತಾರ್ಕಿಕವಾಗಿ ನೋಡಿದರೆ ಮಗು ಓದಿದ್ದೇ ಸರಿ! ಕನ್ನಡದಲ್ಲಿ ಹುಟ್ಟಿ ಬೆಳೆದ ಶಿಕ್ಷಕರಿಗೆ ಈ ತೊಡಕು ತೋಚುವುದೇ ಇಲ್ಲ, ಏಕೆಂದರೆ ಅವರು ಅದನ್ನು ದಾಟಿ ಐವತ್ತು ವರ್ಷವಾಗಿರುತ್ತದೆ.

ಹಿಂದಿ, ಮರಾಠಿಗಳಲ್ಲಿ ಜೀವವಿಲ್ಲದ ವಸ್ತುವಿಗೂ ಲಿಂಗವಿದೆ. ಗಾಡಿ, ಬಸ್ಸು ಎರಡೂ ಸ್ತ್ರೀಲಿಂಗ. 'ಬಸ್ಸು ಬಂದಳು' ಎಂದು ಮಗು ಹೇಳಿದರೆ ತರಗತಿ ಗೊಳ್ಳೆಂದು ನಗುತ್ತದೆ. ನಕ್ಕವರು ಮರೆಯುತ್ತಾರೆ, ಆ ಮಗು ಮರೆಯುವುದಿಲ್ಲ. ಹೈದರಾಬಾದಿನಲ್ಲಿ ಇದು ತಿರುಗುಮುರುಗು. ತೆಲುಗಿನಲ್ಲಿ ಅಮ್ಮ ಬಂದರೂ ಬಸ್ಸು ಬಂದರೂ ಏಕವಚನದಲ್ಲಿ ಕ್ರಿಯಾಪದದ ರೂಪ ಒಂದೇ. ಹಾಗಾಗಿ ಅಲ್ಲಿನ ಮಗು 'ಅಜ್ಜಿ ಬಂತು' ಎಂದರೆ ಅದರಲ್ಲಿ ಅಗೌರವವೇನೂ ಇಲ್ಲ. ತೆಲುಗು ಲಿಪಿ ಕನ್ನಡಕ್ಕೆ ತೀರಾ ಹತ್ತಿರವಾದ್ದರಿಂದ ಓದು ಬೇಗ ಬರುತ್ತದೆ, ಆದರೆ ತಲೆಕಟ್ಟು ಮಾತ್ರ ತೆಲುಗಿನದೇ ಬೀಳುತ್ತದೆ.

ಚೆನ್ನೈಯಲ್ಲಿ ತಮಿಳು ಓದುವ ಮಗುವಿಗೆ ಎ ಏ, ಒ ಓ ತೊಂದರೆಯೇ ಇಲ್ಲ, ತಮಿಳಿನಲ್ಲಿ ಅವು ಇವೆ. ಆದರೆ ಕ ಖ ಗ ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. 'ಗಾಳಿ ಬೀಸಿತು' ಎಂಬುದು 'ಕಾಳಿ ಬೀಸಿತು' ಆದರೆ ಆಶ್ಚರ್ಯವಿಲ್ಲ. ದಿಲ್ಲಿಯಲ್ಲಿ ಶಾಲೆಯ ಹಿಂದಿಯಲ್ಲಿ ಳಕಾರವಿಲ್ಲದ ಕಾರಣ ಬಾಳೆಹಣ್ಣು 'ಬಾಲೆಹಣ್ಣು' ಆಗುತ್ತದೆ. ಮುಂಬಯಿಯಲ್ಲಿ ಮರಾಠಿ ಓದುವ ಮಗುವಿಗೆ ಈ ಕಷ್ಟವಿಲ್ಲ, ಮರಾಠಿಯಲ್ಲಿ ಳ ಇದೆ.

ಈ ತಪ್ಪುಗಳಲ್ಲಿ ಒಂದೊಂದಕ್ಕೂ ಕಾರಣವಿದೆ. ಒಂದೇ ತಪ್ಪು ಮೂರು ವಾರ ದಿನಚರಿಯಲ್ಲಿ ಕಾಣಿಸಿಕೊಂಡಾಗ ಶಿಕ್ಷಕರಿಗೆ ಅನುಮಾನ ಬರುತ್ತದೆ, ಇದು ಮಗುವಿನ ದಡ್ಡತನವಲ್ಲ, ಬೇರೇನೋ ಇದೆ ಎಂದು. ಬರೆಯದಿದ್ದರೆ ಪ್ರತಿ ವಾರವೂ ಅದು ಹೊಸ ತಪ್ಪಾಗಿಯೇ ಕಾಣುತ್ತದೆ, ಪ್ರತಿ ವಾರವೂ ಬೈಗುಳ ಬೀಳುತ್ತದೆ.

ಯಾರ ಮಾತೃಭಾಷೆ?

ಮುಂಬಯಿಯ ಮಟ್ಟಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಇಲ್ಲಿನ ಕನ್ನಡ ಸಂಘಗಳ ಸದಸ್ಯರಲ್ಲಿ ಬಹಳ ಮಂದಿಯ ಮನೆಮಾತು ತುಳು, ಕೊಂಕಣಿ. ಹಗಲು ಹೋಟೆಲ್ ಕೆಲಸ ಮಾಡಿ ರಾತ್ರಿಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹಿಂದಿನ ತಲೆಮಾರಿಗೆ ಕನ್ನಡ ಅಕ್ಷರದ ಭಾಷೆ, ಅನ್ನದ ಜತೆಗೆ ಬಂದ ಭಾಷೆ. ಅವರ ಮೊಮ್ಮಕ್ಕಳಿಗೆ ಹಾಗಲ್ಲ. ಮನೆಯಲ್ಲಿ ತುಳು, ಕಟ್ಟಡದ ಕೆಳಗೆ ಆಟವಾಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ. ಇವೆಲ್ಲದರ ನಂತರ ಭಾನುವಾರ ಬೆಳಿಗ್ಗೆ ಕನ್ನಡ. ವೇದಿಕೆಯಲ್ಲಿ ಅದನ್ನು ಮಾತೃಭಾಷೆ ಎಂದು ಕರೆದರೂ ಆ ಕೋಣೆಯಲ್ಲಿ ಅದು ಐದನೆಯ ಭಾಷೆ.

ಮಾತೃಭಾಷೆ ಎಂದುಕೊಂಡು ಕಲಿಸುವುದಕ್ಕೂ ಐದನೆಯ ಭಾಷೆ ಎಂದು ತಿಳಿದು ಕಲಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮಗುವಿಗೆ ಮಾತು ಬರುತ್ತದೆ, ಅಕ್ಷರ ಕಲಿಸಿದರೆ ಸಾಕು ಎಂಬ ನಂಬಿಕೆ ಇರುತ್ತದೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಂದು ಮುಂದುವರಿಯುತ್ತಾರೆ. ವರ್ಷದ ಕೊನೆಗೆ ಮಗು ಅಕ್ಷರ ಕೂಡಿಸಿ ಓದುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ಅಜ್ಜಿಗೆ ಫೋನ್ ಮಾಡಿದಾಗ 'ಹಾಂ, ಹಾಂ' ಎಂದು ಹೇಳಿ ಅಮ್ಮನಿಗೆ ಕೊಡುತ್ತದೆ.

ಪುಣೆ, ಸೊಲ್ಲಾಪುರದ ಕಡೆ ಮತ್ತೊಂದು ಬಗೆ. ಅಲ್ಲಿ ಉತ್ತರ ಕರ್ನಾಟಕದ ಕುಟುಂಬಗಳು ಹೆಚ್ಚು, ಮಕ್ಕಳಿಗೆ ಮನೆಯ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಆ ಕನ್ನಡ ಪುಸ್ತಕದ್ದಲ್ಲ. ಕಲಿಸುವವರು ಮೈಸೂರು ಕಡೆಯವರೋ ಕರಾವಳಿಯವರೋ ಆಗಿದ್ದರೆ ಪೇಚಾಟ ಆರಂಭವಾಗುತ್ತದೆ. ಅಂತಹ ಒಬ್ಬ ಶಿಕ್ಷಕಿಯ ದಿನಚರಿಯ ಪುಟ ಹೀಗಿರಬಹುದು ಎಂದು ಊಹಿಸಿಕೊಳ್ಳಬಹುದು:

"ಮನೆಯಲ್ಲಿ ಯಾರ್‍ಯಾರು ಇದ್ದೀರಿ ಎಂದು ಕೇಳಿದೆ. ಸ ಎಂಬ ಹುಡುಗಿ 'ಅವ್ವ ಅದಾಳ್ರೀ' ಅಂದಳು. 'ತಾಯಿ ಇದ್ದಾರೆ ಅನ್ನಬೇಕು' ಅಂದೆ. ಅವಳು ಸರಿ ಅಂದಳು. ಆಮೇಲೆ ಮುಕ್ಕಾಲು ಗಂಟೆ ಬಾಯಿ ಬಿಡಲಿಲ್ಲ. ಮೊದಲ ಅರ್ಧ ಗಂಟೆ ಎಲ್ಲರಿಗಿಂತ ಹೆಚ್ಚು ಮಾತಾಡಿದವಳು ಅವಳೇ. ನಾನು ತಿದ್ದಿದ್ದು ಏನನ್ನು?"

ಕೊನೆಯ ಪ್ರಶ್ನೆಗೆ ಆ ಪುಟದಲ್ಲಿ ಉತ್ತರ ಇಲ್ಲದಿದ್ದರೂ ಚಿಂತೆಯಿಲ್ಲ. ಮುಂದಿನ ಭಾನುವಾರ ಆ ಶಿಕ್ಷಕಿ ಹುಡುಗಿಯ ಕಡೆ ನೋಡುವ ನೋಟವೇ ಬೇರೆಯಾಗಿರುತ್ತದೆ. ಒಂದು ಮನೆಯ ಕನ್ನಡವನ್ನು ತಪ್ಪು ಎಂದು ಹೇಳಿಸಿಕೊಂಡ ಮಗು ದೀಪಾವಳಿ ನಂತರ ಬಾರದೇ ಹೋದರೆ 'ಆಸಕ್ತಿ ಇಲ್ಲ' ಎಂದು ಬರೆಯುವುದು ಸುಲಭ. ಈ ಪುಟ ಇದ್ದರೆ ಹಾಗೆ ಬರೆಯಲು ಕೈ ಬರುವುದಿಲ್ಲ.

ಬೆಂಗಳೂರಿನ ಒಂದು ಪ್ರಯೋಗ

ಶಿಕ್ಷಕರ ಸ್ವಂತ ತಿಳಿವಳಿಕೆಗೆ ಬೆಲೆ ಕೊಟ್ಟ ಒಂದು ದೊಡ್ಡ ಪ್ರಯೋಗ ನಡೆದದ್ದು ಕರ್ನಾಟಕದ ನೆಲದಲ್ಲಿಯೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ, ಬೆಂಗಳೂರು, ಮದ್ರಾಸು ಮುಂತಾದ ಕಡೆಗಳ ಕೆಲವು ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಹೊಸ ವಿಧಾನವನ್ನು ಪರೀಕ್ಷಿಸಲಾಯಿತು. ಭಾಷಾ ಬೋಧನೆಯ ಜಗತ್ತಿನಲ್ಲಿ ಇದು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಪ್ರಸಿದ್ಧ. ವ್ಯಾಕರಣ ಬಾಯಿಪಾಠದ ಬದಲು ಮಕ್ಕಳಿಗೆ ಬಿಡಿಸಲು ಕೆಲಸ ಕೊಡುವುದು, ರೈಲು ವೇಳಾಪಟ್ಟಿ, ನಕ್ಷೆ ಇಂತಹವನ್ನು ಇಟ್ಟುಕೊಂಡು ಯೋಚಿಸುವಂತೆ ಮಾಡುವುದು ಅದರ ಕ್ರಮ. 1987ರಲ್ಲಿ ಪ್ರಭು ಅದರ ಬಗ್ಗೆ ಪುಸ್ತಕ ಬರೆದರು.

ಕೊಟ್ಟ ಕೆಲಸ ಮಕ್ಕಳಿಗೆ ಹೊಂದಿತೋ ಇಲ್ಲವೋ ಎಂದು ತಿಳಿಯಲು ಆ ಶಿಕ್ಷಕರು ಇಟ್ಟುಕೊಂಡಿದ್ದ ಅಳತೆ ಬಹಳ ಸರಳ. ಸುಮಾರು ಅರ್ಧದಷ್ಟು ಮಕ್ಕಳು ಸುಮಾರು ಅರ್ಧದಷ್ಟು ಕೆಲಸವನ್ನು ಸರಿಯಾಗಿ ಮಾಡಿದರೆ ಅದು ಹದವಾದ ಕೆಲಸ. ಎಲ್ಲರೂ ಎಲ್ಲವನ್ನೂ ಸರಿ ಮಾಡಿದರೆ ತೀರಾ ಸುಲಭವಾಯಿತು, ಯಾರಿಗೂ ಆಗದಿದ್ದರೆ ತೀರಾ ಕಷ್ಟವಾಯಿತು. ಇದನ್ನು ಭಾನುವಾರದ ತರಗತಿಗೂ ಹಾಗೆಯೇ ಎತ್ತಿಕೊಳ್ಳಬಹುದು. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ವೇಳಾಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಟ್ಟು, ಉಡುಪಿಯಲ್ಲಿ ಮಧ್ಯಾಹ್ನದ ಮದುವೆಗೆ ತಲುಪಲು ಮುಂಬಯಿಯಿಂದ ಯಾವ ದಿನ ಹೊರಡಬೇಕು ಎಂದು ಕೇಳಿದರೆ ಮಕ್ಕಳು ತಲೆ ಕೆಡಿಸಿಕೊಳ್ಳುತ್ತಾರೆ, ತಮಗರಿಯದೇ ಕನ್ನಡ ಓದುತ್ತಾರೆ. ಎಷ್ಟು ಮಂದಿಗೆ ಎಷ್ಟು ಬಂತು ಎಂದು ದಿನಚರಿಯಲ್ಲಿ ಒಂದು ಸಾಲು ಬರೆದರೆ ಮುಂದಿನ ವಾರದ ಪಾಠ ಏರಿಸಬೇಕೋ ಇಳಿಸಬೇಕೋ ತಿಳಿಯುತ್ತದೆ.

1990ರಲ್ಲಿ ಪ್ರಭು ಬರೆದ ಲೇಖನವೊಂದರ ಶೀರ್ಷಿಕೆಯೇ ಅತ್ಯುತ್ತಮ ವಿಧಾನ ಎಂಬುದೊಂದು ಏಕಿಲ್ಲ ಎಂಬ ಪ್ರಶ್ನೆ. ತನ್ನ ಪಾಠದಿಂದ ಕಲಿಕೆ ಹೇಗೆ ಆಗುತ್ತದೆ ಎಂಬುದರ ಬಗ್ಗೆ ಪ್ರತಿ ಶಿಕ್ಷಕನಿಗೂ ಒಂದು ಅಂದಾಜು, ಒಂದು ನಂಬಿಕೆ ಇರುತ್ತದೆ. ಪ್ರಭು ಅದನ್ನು 'ಸೆನ್ಸ್ ಆಫ್ ಪ್ಲಾಸಿಬಿಲಿಟಿ' ಎಂದರು. ಆ ನಂಬಿಕೆ ಜೀವಂತವಾಗಿ, ಬದಲಾಗುತ್ತಾ ಇರುವವರೆಗೆ ಪಾಠಕ್ಕೆ ಜೀವವಿದೆ. ಅದು ಹೆಪ್ಪುಗಟ್ಟಿದರೆ ಎಷ್ಟೇ ಒಳ್ಳೆಯ ವಿಧಾನವಾದರೂ ಯಾಂತ್ರಿಕವಾಗುತ್ತದೆ ಎಂಬುದು ಅವರ ವಾದದ ತಿರುಳು. ಸ್ವಯಂಸೇವಕ ಶಿಕ್ಷಕರಿಗೆ ಇದು ಧೈರ್ಯ ಕೊಡುವ ಮಾತು. ಬಿ.ಎಡ್. ಮಾಡಿಲ್ಲ ಎಂದು ಹಿಂಜರಿಯುವವರೂ ತಾವು ಕಂಡದ್ದನ್ನು ಬರೆಯಬಹುದು.

ಕಿರ್ದಿ ಬೇರೆ, ಖಾತೆ ಬೇರೆ

ಬರೆಯುವುದು ಹೇಗೆ? ಅಂಗಡಿ ವ್ಯಾಪಾರ ಗೊತ್ತಿರುವವರಿಗೆ ಇದನ್ನು ಹೇಳುವುದು ಸುಲಭ. ದಿನದ ವಹಿವಾಟು ಆಯಾ ದಿನವೇ ಕಿರ್ದಿಗೆ ಬೀಳಬೇಕು. ನಾಳೆ ಬರೆಯೋಣವೆಂದರೆ ಲೆಕ್ಕ ತಾಳೆಯಾಗುವುದಿಲ್ಲ. ತರಗತಿಯ ಮಾತೂ ಹಾಗೆಯೇ. ಸೋಮವಾರ ಬರೆದರೆ ನಡೆದದ್ದಕ್ಕಿಂತ ನಡೆಯಬೇಕಿತ್ತು ಎನಿಸಿದ್ದೇ ಹೆಚ್ಚು ಬರುತ್ತದೆ. ಸಂಘದ ಕೋಣೆಗೆ ಬೀಗ ಹಾಕುವ ಮೊದಲು, ಇಲ್ಲವೇ ಮನೆಗೆ ಹೋಗುವ ಲೋಕಲ್‌ನಲ್ಲಿ ಜಾಗ ಸಿಕ್ಕಿದರೆ ಅಲ್ಲೇ ಬರೆದು ಮುಗಿಸಬೇಕು. ಜಾಗ ಸಿಗದಿದ್ದರೆ ಮೊಬೈಲ್‌ನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಟ್ಟು ರಾತ್ರಿ ಬರೆದರೂ ನಡೆಯುತ್ತದೆ.

ಏನು ಬರೆಯಬೇಕು ಎಂಬುದರಲ್ಲಿಯೇ ಹೆಚ್ಚಿನವರು ಸೋಲುವುದು. "ಇಂದು ಒತ್ತಕ್ಷರ ಕಲಿಸಲಾಯಿತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು" ಎಂದು ಬರೆದರೆ ಅದು ಪತ್ರಿಕಾ ವರದಿ, ದಿನಚರಿಯಲ್ಲ. ಉತ್ಸಾಹ ಎಂದರೇನು? ಯಾವ ಮಗು ಏನು ಹೇಳಿತು, ಹೇಳಿದ ಪದ ಯಾವುದು, ಆಗ ಶಿಕ್ಷಕರು ಏನು ಮಾಡಿದರು, ಅದರಿಂದ ಏನಾಯಿತು ಎಂಬುದು ಬರಬೇಕು. ಒಂದು ಘಟನೆ ಸಾಕು. ಎಲ್ಲವನ್ನೂ ಬರೆಯಲು ಹೊರಟವರು ಮೂರನೇ ವಾರಕ್ಕೆ ಪುಸ್ತಕ ಮುಚ್ಚಿಡುತ್ತಾರೆ. ಪೋಷಕರ ಮೇಲಿನ ಸಿಟ್ಟು ತೀರಿಸಿಕೊಳ್ಳಲು ಬರೆದರೂ ಪ್ರಯೋಜನವಿಲ್ಲ. ತಡವಾಗಿ ಬಂದ ಮಗುವಿನ ಅಪ್ಪನ ಬಗ್ಗೆ ಅರ್ಧ ಪುಟ ಬರೆದ ದಿನ ಮಗುವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಹಾಗೆಯೇ ಕೆಲಸ ಮಾಡಿದ್ದನ್ನೂ ಬರೆಯಬೇಕು. ಎಡವಿದ್ದನ್ನೇ ಬರೆಯುತ್ತಾ ಹೋದರೆ ಬೇಸರ ಬರುತ್ತದೆ. 'ಬೆಲೆ-ಬೇಲಿ ಆಟಕ್ಕೆ ಎಲ್ಲರೂ ಎದ್ದು ನಿಂತರು' ಎಂಬ ಸಾಲು ಮುಂದಿನ ವರ್ಷಕ್ಕೆ ಬಂಗಾರ.

ಕಿರ್ದಿಯಲ್ಲಿ ಬಿದ್ದದ್ದು ಆಮೇಲೆ ಖಾತೆಗೆ ಏರುತ್ತದೆ. ತಿಂಗಳಿಗೊಮ್ಮೆ ನಾಲ್ಕು ವಾರದ ಪುಟಗಳನ್ನು ಓದಿ, ಮತ್ತೆ ಮತ್ತೆ ಬಂದ ಸಂಗತಿಗಳನ್ನು ಇನ್ನೊಂದು ನೋಟ್‌ಬುಕ್‌ನಲ್ಲಿ ವಿಂಗಡಿಸಿ ಬರೆಯುವುದು. ಹ್ರಸ್ವ ದೀರ್ಘಕ್ಕೆ ಒಂದು ಪುಟ, ಒತ್ತಕ್ಷರಕ್ಕೆ ಒಂದು ಪುಟ, ಮಕ್ಕಳು ತಾವಾಗಿ ಕೇಳಿದ ಪದಗಳಿಗೆ ಒಂದು ಪುಟ, ಗೆದ್ದ ಆಟಗಳಿಗೆ ಒಂದು ಪುಟ. ಈ ಖಾತೆಯಲ್ಲಿ ಯಾವ ಮಗುವಿನ ಹೆಸರೂ ಬೇಡ. ಕಿರ್ದಿಯಲ್ಲೂ ಮೊದಲ ಅಕ್ಷರ ಸಾಕು.

ಹೀಗೆ ಎರಡು ಪುಸ್ತಕ ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಿರ್ದಿ ಶಿಕ್ಷಕರ ಸ್ವಂತದ್ದು. ಅದನ್ನು ಪದಾಧಿಕಾರಿಗಳು ಕೇಳಬಾರದು, ಕೇಳಿದರೂ ಕೊಡಬಾರದು. ಅಧ್ಯಕ್ಷರೋ ಕಾರ್ಯದರ್ಶಿಗಳೋ ಸಹಿ ಹಾಕುತ್ತಾರೆ ಎಂದು ಗೊತ್ತಾದ ಕ್ಷಣ 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು' ವಾಪಸು ಬರುತ್ತದೆ. ಶಾಲೆಗಳಲ್ಲಿ ಇನ್‌ಸ್ಪೆಕ್ಟರ್ ಬರುವ ಹಿಂದಿನ ರಾತ್ರಿ ಪಾಠ ಟಿಪ್ಪಣಿ ಬರೆದು ಮುಗಿಸಿದ ಅನುಭವ ನಿವೃತ್ತ ಶಿಕ್ಷಕರಲ್ಲಿ ಅನೇಕರಿಗೆ ಇದ್ದೇ ಇದೆ. ವಾಟ್ಸ್ಆ್ಯಪ್ ಗುಂಪಿಗೆ ಮಕ್ಕಳ ತಪ್ಪುಗಳ ಫೋಟೊ ಹಾಕುವುದಂತೂ ಕೂಡದು. ಮಗು ಮಾಡಿದ ತಪ್ಪು ಕಟ್ಟಡದವರೆಲ್ಲರ ನಗೆಗೆ ವಸ್ತುವಾದರೆ ಆ ಮಗು ಮತ್ತೆ ಸಂಘದ ಮೆಟ್ಟಿಲು ಹತ್ತುವುದಿಲ್ಲ.

ಖಾತೆ ಮಾತ್ರ ಸಂಘದ್ದು. ಶಿಕ್ಷಕರು ಬದಲಾದಾಗ ಕೈಯಿಂದ ಕೈಗೆ ಹೋಗಬೇಕಾದದ್ದು ಅದು. ನಾಲ್ಕೈದು ವರ್ಷ ಹೀಗೆ ಬೆಳೆದ ಖಾತೆ ಇದ್ದರೆ, ಮುಂಬಯಿಯ ಮಗುವಿಗೆ ಕನ್ನಡ ಕಲಿಸುವ ಪಾಠಪುಸ್ತಕ ಬರೆಯಲು ಯಾರಾದರೂ ಮುಂದೆ ಬಂದಾಗ ಊಹೆಯಿಂದ ಬರೆಯಬೇಕಾಗಿಲ್ಲ. ಹೈದರಾಬಾದಿನ ಸಂಘ ತನ್ನ ಖಾತೆಯನ್ನು ಚೆನ್ನೈಯ ಸಂಘಕ್ಕೆ ತೋರಿಸಬಹುದು. ಸದ್ಯ ಈ ಸಂಘಗಳು ಒಂದನ್ನೊಂದು ನೋಡುವುದು ಹೆಚ್ಚಾಗಿ ಸಮ್ಮೇಳನಗಳ ಊಟದ ಸಾಲಿನಲ್ಲಿ. 2020ರ ಲಾಕ್‌ಡೌನ್ ಸಮಯದಲ್ಲಿ ಜನರಿಗೆ ಆನ್‌ಲೈನ್‌ನಲ್ಲಿ ಸೇರುವುದು ಅಭ್ಯಾಸವಾಗಿರುವುದರಿಂದ, ಎರಡು ನಗರಗಳ ಶಿಕ್ಷಕರು ತಿಂಗಳಿಗೊಮ್ಮೆ ಅರ್ಧ ಗಂಟೆ ಮಾತಾಡುವುದು ಈಗ ಕಷ್ಟವೇನಲ್ಲ.

ಖರ್ಚಿನ ಮಾತು ಬಂದರೆ, ಎರಡು ನೋಟ್‌ಬುಕ್‌ಗಳ ಬೆಲೆ ಒಂದು ಶಾಲಿಗಿಂತ ಕಡಿಮೆ. ಜೂನ್‌ನಲ್ಲಿ ತರಗತಿ ಆರಂಭವಾಗುವ ದಿನ ಹಾಜರಿ ಪುಸ್ತಕದ ಜತೆಗೆ ಇವೆರಡನ್ನೂ ಶಿಕ್ಷಕರ ಕೈಗೆ ಕೊಟ್ಟರಾಯಿತು. ಮೊದಲ ದಿನ ಬರೆಯಲು ಪಾಠವೇನೂ ಇರುವುದಿಲ್ಲ. ಬಂದ ಪ್ರತಿ ಮಗುವಿನ ಹತ್ತಿರ ಮನೆಯಲ್ಲಿ ಅಮ್ಮನ ಜತೆ ಯಾವ ಭಾಷೆ, ಅಜ್ಜಿಯ ಜತೆ ಯಾವ ಭಾಷೆ, ಆಟದಲ್ಲಿ ಯಾವ ಭಾಷೆ, ಶಾಲೆಯಲ್ಲಿ ಮೊದಲು ಕಲಿತ ಅಕ್ಷರ ಯಾವುದು ಎಂದು ಕೇಳಿ ಬರೆದುಕೊಳ್ಳಬಹುದು. ಪುಟದ ಕೊನೆಯಲ್ಲಿ ಜಾಗ ಉಳಿದರೆ ಇನ್ನೊಂದು ಪ್ರಶ್ನೆ: ಕನ್ನಡದಲ್ಲಿ ನಿನಗೆ ಯಾವ ಪದ ಬೇಕು?